ಎಡದಿಂದ ಎರಡನೆಯವಳು

ಪ್ರದರ್ಶನದ ಬಾಗಿಲು ತೆರೆದು ಜನ ಒಳಬರುತ್ತಿದ್ದ ಹೊತ್ತಿನಲ್ಲೇ ಕತ್ತಲಣ್ಣನ ಎದೆ ಧಸಕ್ಕೆಂದಿತು. ವಸ್ತುಸಂಗ್ರಹಾಲಯದ ಡಾರ್ಕ್‌ರೂಮಿನಲ್ಲಿ ಗಾಜಿನ ನೆಗೆಟಿವ್‌ಗಳಿಂದ ಹಳೆಯ ಚಿತ್ರಗಳನ್ನು ಕಾಗದಕ್ಕೆ ಇಳಿಸುತ್ತಲೇ ತಲೆ ನೆರೆಸಿಕೊಂಡವನಿಗೆ ಆ ಅಡ್ಡಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಬೆಳಕಿನಲ್ಲಿ ನಿಂತರೆ ಕಣ್ಣು ತಾನಾಗಿ ಕಿರಿದಾಗುತ್ತಿತ್ತು. ಹಾಗೆ ಕಣ್ಣು ಕಿರಿದು ಮಾಡಿಕೊಂಡೇ ಅವನು ಗೋಡೆಯಗಲದ ಚಿತ್ರವನ್ನು ನೋಡುತ್ತಿದ್ದ. ಹೊಲಿಗೆ ಕಾರ್ಖಾನೆಯೊಂದರ ಮಧ್ಯಾಹ್ನ. ಸಾಲಾಗಿ ನಿಂತ ಹೆಂಗಸರು, ಹೆಗಲ ಮೇಲೆ ಅಳತೆಪಟ್ಟಿ, ನೆಲದ ತುಂಬ ಚಿಂದಿ, ಕಿಟಕಿಯ ಸರಳಿಗೆ ಒಣಹಾಕಿದ ಯಾರದೋ ಕರವಸ್ತ್ರ. ಮುಂದೆ, ಯಂತ್ರದ ಹಿಂದೆ ಕೂತ ಹುಡುಗಿ. ಯಂತ್ರದ ಚಕ್ರ ಅವಳ ಎಡಗೈ ಬದಿಗಿತ್ತು.

ಹೊಲಿಗೆ ಯಂತ್ರದ ಚಕ್ರ ಇರಬೇಕಾದದ್ದು ಬಲಗೈ ಬದಿಗೆ.

ಚಿತ್ರ ಕನ್ನಡಿಯೊಳಗಿನಂತೆ ಅದಲುಬದಲಾಗಿತ್ತು. ನೆಗೆಟಿವ್ ಗಾಜನ್ನು ಮಗುಚಿ ಇಟ್ಟರೆ ಹೀಗಾಗುತ್ತದೆ. ಗಾಜಿನ ಯಾವ ಮಗ್ಗುಲಿಗೆ ಚಿತ್ರ ಹಿಡಿದ ಲೇಪವಿದೆಯೆಂದು ತಿಳಿಯಲು ಅವನು ಅದರ ಮೂಲೆಯನ್ನು ಒದ್ದೆ ತುಟಿಗೆ ತಾಗಿಸುತ್ತಿದ್ದ. ಅಂಟಿದರೆ ಲೇಪ, ಜಾರಿದರೆ ಬರಿಗಾಜು. “ಅಣ್ಣಾ, ಚರಿತ್ರೆಗೆ ಮುತ್ತು ಕೊಡೋದು ಇನ್ನು ಸಾಕು,” ಎಂದು ಮೇಲಧಿಕಾರಿಯಾಗಿ ಹೊಸದಾಗಿ ಬಂದ ಮೇಡಂ ಅವನಿಗೆ ಮುಖಗವಸು ತೊಡಿಸಿದ್ದರು. ಈ ಸಲ ಕಣ್ಣಂದಾಜಿನಲ್ಲಿ ಇಟ್ಟಿದ್ದ. ಕಣ್ಣು ಕೈಕೊಟ್ಟಿತ್ತು.

ಬೇರೆ ಚಿತ್ರವಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಇದರ ಕೆಳಗೆ ಮಾತ್ರ, ಚಿತ್ರ ತೆಗೆದವನೇ ಅಂದು ಬರೆದಿಟ್ಟಂತೆ, ಎಡದಿಂದ ಬಲಕ್ಕೆ ಯಾರು ಯಾವ ಕೆಲಸದವರೆಂದು ಅಚ್ಚು ಹಾಕಿಸಿದ್ದರು. ಎಡದಿಂದ ಎರಡನೆಯವಳು ಗುಂಡಿಗೆ ಕಾಜಾ ಹಾಕುವವಳು. ಅವಳ ಮಗಳು, ಈಗ ಹಣ್ಣುಹಣ್ಣು ಮುದುಕಿ, ಇವತ್ತು ಬರುವವರಿದ್ದರು. ತೊಟ್ಟಿಲಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡಿದ್ದ ಅವರ ಮನೆಯಲ್ಲಿ ಆಕೆಯ ಒಂದು ಚಿತ್ರವೂ ಇರಲಿಲ್ಲ.

ಹಾಗಾದರೆ ಗೋಡೆಯ ಮೇಲಿನ ಈ ಚಿತ್ರದಲ್ಲಿ ನಿಜವಾದ ತಾಯಿ ಬಲದಿಂದ ಎರಡನೆಯವಳು. ಕತ್ತಲಣ್ಣ ಹತ್ತಿರ ಹೋಗಿ ನೋಡಿದ. ಕ್ಯಾಮೆರಾದ ಮಸೂರ ತೆರೆದಿದ್ದಾಗ ಆಕೆ ತಲೆ ಅಲ್ಲಾಡಿಸಿದ್ದಳು. ಮುಖವಿದ್ದಲ್ಲಿ ಮಬ್ಬು, ಗಾಜಿನ ಮೇಲೆ ಬಿಟ್ಟ ಉಸಿರಿನಷ್ಟೇ. ಕೈಗಳು ಮಾತ್ರ ಉಗುರಿನ ಅಂಚಿನ ತನಕ ಸ್ಪಷ್ಟವಾಗಿದ್ದವು.

“ಮೆಲ್ಲಗೆ ಮಾತಾಡಿ, ಅಣ್ಣ!” ವಿಷಯ ಕೇಳಿದ ಮೇಡಂ ಅವನನ್ನು ಕಂಬದ ಮರೆಗೆ ಎಳೆದುಕೊಂಡರು. “ನಾಳೆ ಬದಲಾಯಿಸೋಣ. ಅವರು ನೋಡ್ಕೊಂಡು ಹೋಗ್ಲಿ ಬಿಡಿ.”

“ಬೇರೆ ಯಾರದೋ ಅಮ್ಮನ್ನ ನೋಡ್ಕೊಂಡಾ?”

“ಅದಕ್ಕೆ ಮುಖ ಆದ್ರೂ ಇದೆಯಲ್ಲ. ನೀವು ಕೊಡೋಕೆ ಹೊರಟಿರೋದಕ್ಕೆ ಏನಿದೆ?”

ಅಷ್ಟರಲ್ಲಿ ಮೊಮ್ಮಗಳ ತೋಳು ಹಿಡಿದು ಅಜ್ಜಿ ಒಳಗೆ ಬಂದೇಬಿಟ್ಟರು. ನೇರವಾಗಿ ಎಡತುದಿಗೆ ಹೋಗಿ, ಎರಡನೆಯವಳ ಮುಂದೆ ನಿಂತು, ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

“ನೋಡೇ, ನನ್ನ ಮೂಗು! ನಿಮ್ಮ ತಾತ ಇರೋ ತನಕ ಆಡ್ಕೊಂಡ್ರಲ್ಲ, ಎಲ್ಲಿಂದ ತಂದೆ ಈ ಮೂಗನ್ನ ಅಂತ. ಇಲ್ಲಿಂದ!”

“ಹೌದಜ್ಜಿ, ಅದೇ ಗಿಣಿಮೂಗು. ತಡೀರಿ, ಒಂದು ಫೋಟೊ ತಗೋತೀನಿ. ಎಲ್ರಿಗೂ ಕಳಿಸೋಣ.”

ಮೊಮ್ಮಗಳು ಫೋನು ಎತ್ತಿದಳು. ಆ ಮುಖ ಒಮ್ಮೆ ಈ ಬಾಗಿಲು ದಾಟಿದರೆ ಮನೆಮನೆಯ ಗೋಡೆ ಏರುತ್ತದೆ. ಇನ್ನೂ ಹುಟ್ಟದ ಮಕ್ಕಳ ಮೂಗಿಗೂ ಈ ಅಪರಿಚಿತೆಯೇ ಮೂಲವಾಗುತ್ತಾಳೆ. ಬೇಡವೆಂದು ಮೇಡಂ ಕಣ್ಸನ್ನೆ ಮಾಡುತ್ತಿದ್ದುದು ಕತ್ತಲಣ್ಣನಿಗೆ ಕಾಣಿಸಿತು. ಆದರೂ ಕಾಲು ಮುಂದೆ ಹೋಯಿತು.

“ಅಮ್ಮಾ, ತಪ್ಪು ನಂದು. ಚಿತ್ರ ಉಲ್ಟಾ ಇಳಿಸಿಬಿಟ್ಟಿದೀನಿ. ನಿಮ್ಮ ತಾಯಿ ಇವರಲ್ಲ. ಆ ತುದಿಯಿಂದ ಎರಡನೆಯವರು.”

ಅಜ್ಜಿ ಆ ತುದಿಗೆ ನಡೆದರು. ಅಷ್ಟು ದೂರಕ್ಕೇ ದಣಿದುಹೋದಂತೆ ಕಂಡರು.

“ಮುಖ ಎಲ್ಲಿ?”

“ಅಲ್ಲಾಡಿಬಿಟ್ರು. ಆಗೆಲ್ಲ ಉಸಿರು ಬಿಗಿಹಿಡಿದು ನಿಲ್ಬೇಕಿತ್ತು.”

“ಉಳಿದವರೆಲ್ಲ ನಿಂತಿಲ್ವಾ? ಇವಳಿಗೇನಾಗಿತ್ತು ರೋಗ?” ಅಜ್ಜಿಯ ದನಿ ಏರಿತು, ಹೊತ್ತಿಗೆ ಮನೆಗೆ ಬಾರದ ತಾಯಿಯ ಮೇಲೆ ಮಗು ಮುನಿದಂತೆ.

“ನಿಮಗೂ ಒಂದು ಕಡೆ ಸುಮ್ನಿರೋಕೆ ಬರಲ್ವಲ್ಲ, ಅಜ್ಜಿ,” ಎಂದಳು ಮೊಮ್ಮಗಳು, ಹೇಗಾದರೂ ನಗಿಸಲೆಂದು. ಯಾರೂ ನಗಲಿಲ್ಲ.

“ಸರಿಯಾಗಿ ಇಳಿಸಿಕೊಡಿ,” ಎಂದರು ಅಜ್ಜಿ. “ಈಗಲೇ. ನನ್ನ ಕಣ್ಣೆದುರಿಗೇ.”

ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಅವನು ಮುಖಗವಸು ಕಿತ್ತು, ಗಾಜಿನ ಮೂಲೆಯನ್ನು ತುಟಿಗೆ ತಾಗಿಸಿದ. ಅಂಟಿತು. ಬೆಳಕು ಹಾಯಿಸಿದ ಕಾಗದವನ್ನು ದ್ರಾವಣದ ತಟ್ಟೆಯಲ್ಲಿ ಮುಳುಗಿಸಿ ಮೆಲ್ಲಗೆ ತೂಗಿದ. ಮೊದಲು ಯಂತ್ರ ಮೂಡಿತು, ಆಮೇಲೆ ಉಡುಪುಗಳ ಕಪ್ಪು, ಆಮೇಲೆ ಒಂದರ ಮೇಲೊಂದಿಟ್ಟ ಆ ಎರಡು ಕೈಗಳು. ಅವುಗಳ ಮೇಲುಗಡೆ ಬೂದುಬಣ್ಣದ ಏನೋ ಒಂದು ಕದಲಿದಂತಿತ್ತು. ಅಜ್ಜಿ ತಟ್ಟೆಯ ಮೇಲೆ ಬಾಗಿದರು.

“ಬರ್ತಾ ಇದೆ,” ಎಂದು ಪಿಸುಗುಟ್ಟಿದರು.

ಕತ್ತಲಣ್ಣ ಇಕ್ಕಳ ಎತ್ತಿಕೊಂಡ. ಇನ್ನು ತಡೆದರೆ ಮಬ್ಬೆಲ್ಲ ಕಪ್ಪಾಗಿ, ಕೈಗಳೂ ಅದರಲ್ಲಿ ಮುಳುಗಿಹೋಗುತ್ತಿದ್ದವು.

“ತೆಗೀಬೇಡಿ,” ಅಜ್ಜಿ ಅವನ ಮಣಿಕಟ್ಟು ಹಿಡಿದುಕೊಂಡರು. “ಇನ್ನೊಂಚೂರು ಇರ್ಲಿ. ಬಂದ್ರೂ ಬರಬಹುದು.”