ಗಣಪತಿ ಬಿಡುವ ಜಾಗ

ನಮ್ಮ ಕಡೆ ನೀರಿಗೆ ಕೊರತೆಯಿಲ್ಲ, ನೀರಿಗೆ ಇಳಿಯುವ ದಾರಿಗೆ ಕೊರತೆ. ಅಕ್ಕ ಗಾಳಿ ತುಂಬುವ ದೋಣಿ ತರಿಸುವವರೆಗೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಅಕ್ಕ ಅಂದರೆ ಪೂಜಿತಾ. ಎರಡು ವರ್ಷದ ಹಿಂದೆ ಹೆತ್ತೂರು ರಸ್ತೆಯ ಒಂದು ತಿರುವಿನಲ್ಲಿ ಸ್ಕೂಟರ್ ಜಾರಿ ಬಿದ್ದಳು. ಸೊಂಟದಿಂದ ಕೆಳಗೆ ಅವಳಿಗೆ ಈಗ ಏನೂ ತಿಳಿಯುವುದಿಲ್ಲ. ಅಲ್ಲಿಂದ ಮೇಲೆ ಎಲ್ಲವೂ ಮೊದಲಿಗಿಂತ ಚುರುಕು, ನಾಲಿಗೆಯೂ ಸೇರಿ. ಗಾಲಿಕುರ್ಚಿಯ ಚಕ್ರ ತಿರುಗಿಸಿ ತಿರುಗಿಸಿ ತೋಳುಗಳು ಹುರಿಗೊಂಡಿವೆ. ಆದರೆ ನಮ್ಮದು ಗುಡ್ಡದ ಊರು. ಅಂಗಳ ದಾಟಿದರೆ ಒಂದೋ ಏರು, ಇಲ್ಲವೇ ಇಳಿಜಾರು. ಎಲ್ಲಿಗೆ ಹೋದರೂ ಯಾರಾದರೊಬ್ಬರು ಹಿಂದಿನಿಂದ ಕುರ್ಚಿ ಹಿಡಿದುಕೊಂಡೇ ಇರಬೇಕು.

"ನನ್ನ ಬೆನ್ನ ಹಿಂದೆ ಯಾವಾಗ್ಲೂ ಒಬ್ರು ಉಸಿರಾಡ್ತಾ ಇರ್ತಾರೆ ಕಣೆ ಸುಚ್ಚಿ," ಅಂದಿದ್ದಳು ಒಮ್ಮೆ. "ಸ್ವಲ್ಪ ಹೊತ್ತು ನನ್ನ ಹಿಂದೆ ಯಾರೂ ಇರ್ಬಾರ್ದು. ಅಷ್ಟೇ ನಂಗೆ ಬೇಕಾಗಿರೋದು."

ದೋಣಿ ಬಂದದ್ದು ಅದಕ್ಕೆ. ಬೂದು ಬಣ್ಣದ್ದು, ಒಬ್ಬರು ಕೂರುವಂಥದ್ದು, ಕಾಲಲ್ಲಿ ಒತ್ತುವ ಪಂಪು, ಎರಡು ತುಂಡಿನ ಹುಟ್ಟು. ಅಪ್ಪ ಅದನ್ನು ನೋಡಿದವರೇ, "ಗಾಳಿ ನಂಬ್ಕಂಡು ನೀರಿಗಿಳಿಯೋದಾ? ಲಾರಿ ಟಯರೇ ನಡುರಸ್ತೇಲಿ ಟುಸ್ ಅನ್ನುತ್ತೆ," ಅಂದರು. ಆದರೆ ಸಂಜೆ ಅವರೇ ಕಾಫಿ ಒಣಗಿಸುವ ಕಣದಲ್ಲಿ ಅದಕ್ಕೆ ಗಾಳಿ ತುಂಬಿ, ಮೇಲೊಂದು ಕಾಫಿ ಮೂಟೆ ಹೇರಿ ಬಂದರು. ಬೆಳಿಗ್ಗೆ ಎದ್ದು ಹೋಗಿ ಹೆಬ್ಬೆರಳಲ್ಲಿ ಅಲ್ಲಲ್ಲಿ ಒತ್ತಿ ನೋಡಿ, ಏನೂ ಹೇಳದೆ ಹಲ್ಲುಜ್ಜಲು ಹೋದರು. ಅಮ್ಮ ಹೊಸ ಗಾಡಿಗೆ ಮಾಡುವ ಹಾಗೆ ಅದಕ್ಕೂ ಕುಂಕುಮ ಹಚ್ಚಿ, ಮಡಚಿ, ತನ್ನ ಹಳೇ ಕೆಂಪು ಸೀರೆಯಲ್ಲಿ ಸುತ್ತಿ ಕಟ್ಟಿದಳು. ಪ್ರತಿ ಸಲ ಹೊರಡುವಾಗಲೂ ಗಂಟಿನ ಮೇಲೊಂದು ಚೆಂಡುಹೂವಿನ ಸರ ಇಡುತ್ತಿದ್ದಳು. ನಮ್ಮ ಮನೆಯಲ್ಲಿ ಒಪ್ಪಿಗೆ ಬಾಯಲ್ಲಿ ಬರುವುದಿಲ್ಲ, ಹೀಗೇ ಬರುತ್ತದೆ.

ದೋಣಿ ಬಿಡುವ ಜಾಗ ಹುಡುಕಲು ಭಾನುವಾರ ಭಾನುವಾರ ಹೊರಟೆವು. ನನ್ನ ಜೊತೆ ಡಿಗ್ರಿ ಓದಿದ ಜಬೀನ್ ತನ್ನಪ್ಪ ನಸ್ರುಲ್ಲಾ ಅವರ ಓಮ್ನಿ ತರುತ್ತಿದ್ದಳು. ನಾನು ಫೋನಿನ ಮ್ಯಾಪಲ್ಲಿ ನೀಲಿ ಚುಕ್ಕೆ ಕಂಡಲ್ಲೆಲ್ಲ ಗುರುತು ಹಾಕಿಕೊಂಡಿರುತ್ತಿದ್ದೆ. ಆ ನೀಲಿಗೆ ದಡ ಹೇಗಿದೆಯೆಂದು ಮ್ಯಾಪ್ ಹೇಳುವುದಿಲ್ಲ. ಹೆಗ್ಗದ್ದೆ ಕಡೆಯ ಹಳ್ಳದಲ್ಲಿ ಆನೆಗಾತ್ರದ ಬಂಡೆಗಳು. ನೀರು ರೈಲು ತಪ್ಪುತ್ತದೆ ಅನ್ನುವ ಅವಸರದಲ್ಲಿ ಓಡುತ್ತಿತ್ತು. ಹೆತ್ತೂರಿನ ಹತ್ತಿರ ಒಂದು ಎಸ್ಟೇಟಿನ ಕೆರೆ ಕನ್ನಡಿಯ ಹಾಗಿತ್ತು. ಗೇಟಿನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, "ಸಾಹುಕಾರ್ರು ಊರಲ್ಲಿಲ್ಲ ಕಣಮ್ಮ, ನಾನ್ ನಿಮ್ಮನ್ನ ಒಳಗ್ ಬಿಟ್ರೆ ಅವ್ರು ನನ್ನ ಕೆಲ್ಸ ಬಿಡಿಸ್ತಾರೆ," ಅಂದು ನಕ್ಕರು. ಬಿಡದಿದ್ದರೂ ಕಾರಿನ ಹತ್ತಿರಕ್ಕೇ ಕಾಫಿ ತರಿಸಿ, ಬರುವಾಗ ಒಂದು ಚಕ್ಕೋತ ಕೊಟ್ಟು ಕಳಿಸಿದರು. ಇನ್ನೊಂದು ಕೆರೆಗೆ ಹೊರಡುವ ಹೊತ್ತಿಗೆ ಆನೆಗಳು ಎಲ್ಲಿವೆಯೆಂದು ಅರಣ್ಯ ಇಲಾಖೆಯವರು ದಿನಾ ಬೆಳಿಗ್ಗೆ ಕಳಿಸುವ ಮೆಸೇಜು ಬಂತು. ನಾವು ಹೋಗಬೇಕಾದ ಕೆರೆಗೆ ಹಿಂಡೊಂದು ಆಗಲೇ ಹೋಗಿತ್ತು. ಹೇಮಾವತಿ ಹಿನ್ನೀರಿನಲ್ಲಿ ದೂರದಿಂದ ಎಲ್ಲ ಚೆನ್ನಾಗಿ ಕಂಡಿತು. ಹತ್ತಿರ ಹೋದರೆ ನೀರು ಹಿಂದೆ ಸರಿದು ಬಿಟ್ಟುಹೋದ ಕೆಸರು. ಅಕ್ಕನ ಕುರ್ಚಿ ಅಚ್ಚಿನವರೆಗೆ ಹೂತಿತು. ಕುರಿ ಮೇಯಿಸುತ್ತಿದ್ದ ಗಂಡಹೆಂಡಿರಿಬ್ಬರು ಬಂದು ಎಳೆದು ತೆಗೆದರು. ಆ ಹೆಂಗಸು ಸೆರಗು ಸಿಕ್ಕಿಸಿಕೊಂಡು ಚಕ್ರದ ಕಡ್ಡಿ ಕಡ್ಡಿಯನ್ನೂ ತೊಳೆದುಕೊಟ್ಟರು. ಅವರ ಹೆಸರು ಕೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ.

ಕೇಳುವ ಕೆಲಸ ಮಾತ್ರ ನನ್ನದೇ ಆಗಿತ್ತು. ಅಕ್ಕ ಕೇಳಿದರೆ ಜನ ಅವಳ ಕಾಲು ನೋಡಿ ದೋಣಿ ಮರೆಯುತ್ತಾರೆ. ಜಬೀನ್ ಕೇಳಿದರೆ ಅವಳಪ್ಪನ ಮೆಣಸಿನ ವ್ಯಾಪಾರದ ಮಾತು ಶುರುವಾಗುತ್ತದೆ. ನಾನೋ, ಬಸ್ಸಿನಲ್ಲಿ "ಇಲ್ಲೇ ಇಳೀಬೇಕು" ಅನ್ನಲು ಎರಡು ಸ್ಟಾಪ್ ಮೊದಲೇ ಮನಸ್ಸಿನಲ್ಲಿ ಹೇಳಿಕೊಂಡು, ಕೊನೆಗೆ ಒಂದು ಸ್ಟಾಪ್ ಆಚೆ ಇಳಿಯುವವಳು.

ಡಿಸೆಂಬರಿನ ಆ ಭಾನುವಾರ ಹೊರಡುವಾಗ ಅಕ್ಕ ತಮಾಷೆಯ ದನಿಯಲ್ಲಿರಲಿಲ್ಲ. ಮರುದಿನದಿಂದ ಕಾಫಿ ಕೊಯ್ಲು. ಓಮ್ನಿ ಆಳುಗಳನ್ನು ಕರೆತರಲು ಹೋಗುತ್ತದೆ, ನಮಗೆ ಸಿಗುವುದಿಲ್ಲ.

"ಇವತ್ತೂ ಆಗ್ಲಿಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಬುಡ್ತೀನಿ," ಅಂದಳು. "ಅದು ಮೂಲೇಲಿ ಮಡಚ್ಕೊಂಡು ಬಿದ್ದಿರೋದು ನೋಡಿದ್ರೆ ನನ್ನೇ ನೋಡ್ಕೊಂಡಂಗೆ ಆಗುತ್ತೆ."

ಜಬೀನ್ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

ಆಲೂರು ದಾಟಿ ಒಳಗೆ ಹೋದರೆ ಒಂದು ಸಣ್ಣ ಊರು, ಊರಿನ ಪಕ್ಕ ತುಂಬಿದ ಕೆರೆ. ಏರಿಯ ಉದ್ದಕ್ಕೂ ಲಂಟಾನ ಬೆಳೆದು ನೀರು ತುಣುಕು ತುಣುಕಾಗಿ ಕಾಣುತ್ತಿತ್ತು. ರಸ್ತೆ ಬದಿಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಇಳಿದು ಹೋದೆ. 'ಅಜ್ಜಿ, ಈ ಕೆರೆಯಲ್ಲಿ ದೋಣಿ ಬಿಡೋಕೆ ಎಲ್ಲಾದರೂ ಒಳ್ಳೆ ಜಾಗ ಇದೆಯಾ' ಎಂದು ದಾರಿಯುದ್ದಕ್ಕೂ ಹೇಳಿಕೊಂಡಿದ್ದೆ. ಅವರು ತಲೆಯೆತ್ತಿ ನೋಡಿದ ಕೂಡಲೇ ಅರ್ಧ ವಾಕ್ಯ ಗಂಟಲಲ್ಲೇ ಉಳಿಯಿತು.

"ಅಜ್ಜಿ, ಕೆರೇಲಿ ಬಿಡೋಕೆ ಜಾಗ ಐತಾ?"

ಅಜ್ಜಿ ಓಮ್ನಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಹಿಂದಿನ ಬಾಗಿಲ ಗಾಜಿನಲ್ಲಿ ಕೆಂಪು ಸೀರೆ ಸುತ್ತಿದ ಗಂಟು, ಅದರ ಮೇಲೆ ಚೆಂಡುಹೂವು.

"ಇಷ್ಟ್ ದಿನ ಮನೇಲೇ ಇಟ್ಕಂಡಿದ್ರಾ?"

"ಹೂಂ ಅಜ್ಜಿ. ಜಾಗ ಸಿಕ್ಕಿರ್ಲಿಲ್ಲ."

"ಅಯ್ಯೋ ಕಂದ. ಅದಕ್ಯಾಕೆ ಅಷ್ಟ್ ಯೋಚ್ನೆ. ಮಣ್ಣಿಂದೇ ತಾನೆ? ಬಣ್ಣ ಬಳ್ದಿದ್ರೆ ನಮ್ಮೂರಲ್ಲಿ ಬುಡಕ್ಕೆ ಒಪ್ಪಲ್ಲ."

ಆಗ ನನಗೆ ಹೊಳೆಯಿತು. ನಮ್ಮ ಕಡೆ ಕೆರೆಗೆ ಬಿಡುವುದು ಎಂದರೆ ಒಂದೇ. ಹಬ್ಬದಲ್ಲಿ ಕೂರಿಸಿದ ಗಣಪತಿಯನ್ನು ಬಿಡುವುದು. ಅಲ್ಲ ಅಜ್ಜಿ ಅನ್ನಬೇಕಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೊರ ಪಕ್ಕಕ್ಕಿಟ್ಟು ಎದ್ದೇ ಬಿಟ್ಟಿದ್ದರು.

"ಲೇ ರಾಮಯ್ಯ, ಗಣಪತಿ ಬಂದವ್ನೆ ಕಣೋ. ದಾರಿ ತೆಗಿ ಬಾ."

ಎದುರು ಮನೆಯ ಹಿತ್ತಲಿನಿಂದ ಉತ್ತರ ಬಂತು. "ಡಿಸೆಂಬರ್‌ನಲ್ಲಾ? ಯಾವೂರ್ ಗಣಪತೀನೋ, ಬಸ್ ತಪ್ಪಿಸ್ಕಂಡಿರ್ಬೇಕು."

ರಾಮಯ್ಯ ಅನ್ನುವವರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು, ಲಂಟಾನದ ನಡುವೆ ದನ ಹೋಗದಂತೆ ಅಡ್ಡ ಕಟ್ಟಿದ್ದ ಬಿದಿರು ಬಿಚ್ಚಿದರು. ನಾನು ಅಲ್ಲಿಯವರೆಗೆ ಬರೀ ಪೊದೆ ಅಂದುಕೊಂಡದ್ದರ ಹಿಂದೆ ಒಂದು ದಾರಿಯಿತ್ತು. ಟ್ರ್ಯಾಕ್ಟರು ಹಿಮ್ಮುಖವಾಗಿ ಇಳಿಯಲೆಂದು ಕಲ್ಲು ಹಾಸಿ ಸಿಮೆಂಟು ಬಳಿದ ಅಗಲವಾದ ಇಳಿಜಾರು. ಅದು ಒಂದೇ ಸಮನೆ, ಮೆತ್ತಗೆ, ನೇರ ನೀರಿನೊಳಗೆ ಹೋಗುತ್ತಿತ್ತು. ಕೆಸರಿಲ್ಲ, ಬಂಡೆಯಿಲ್ಲ, ಗೇಟಿಲ್ಲ. ಯಾವ ಊರೇ ಆಗಲಿ ತನ್ನ ದೇವರಿಗೆ ನೀರಿಗಿಳಿಯಲು ಇರುವುದರಲ್ಲಿ ಒಳ್ಳೆಯ ದಾರಿಯನ್ನೇ ಮಾಡಿರುತ್ತದೆ. ಆಮೇಲಾಮೇಲೆ ನಾವು ಯಾರನ್ನೂ ದೋಣಿಯ ಜಾಗ ಕೇಳಲೇ ಇಲ್ಲ. "ನಿಮ್ಮೂರಲ್ಲಿ ಗಣಪತಿ ಎಲ್ಲಿ ಬಿಡ್ತೀರಾ?" ಎಂದು ಕೇಳಿದರೆ ಸಾಕು, ಎಂಥ ಮುಂಗೋಪಿಯೂ ಎದ್ದು ಬಂದು ಕೈ ಮಾಡಿ ತೋರಿಸುತ್ತಾನೆ.

ಆ ಹೊತ್ತಿನಲ್ಲಿ ಮಾತ್ರ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಹೆಂಗಸರು ಒಬ್ಬೊಬ್ಬರೇ ಹೊರಗೆ ಬರುತ್ತಿದ್ದರು. ಯಾರೋ ಆರತಿ ತಟ್ಟೆ ತಂದರು. ನಾನು ಓಡಿಹೋಗಿ ಓಮ್ನಿಯ ಕಿಟಕಿಯಲ್ಲಿ ತಲೆಯಿಟ್ಟು ವಿಷಯ ಹೇಳಿದೆ. ಜಬೀನ್ ನಕ್ಕು ನಕ್ಕು ಸ್ಟೇರಿಂಗಿನ ಮೇಲೆ ಬಿದ್ದಳು, ಹಾರ್ನ್ ಬೇರೆ ಹೊಡೆದುಕೊಂಡಿತು.

ಅಕ್ಕ ನಗಲಿಲ್ಲ. ಅವಳು ಇಳಿಜಾರನ್ನೇ ನೋಡುತ್ತಿದ್ದಳು, ಹಸಿದವರು ಎಲೆ ನೋಡುವ ಹಾಗೆ.

"ಅಲ್ಲಿಗೆ ನಾನೇ ಉರುಳಿಸ್ಕೊಂಡು ಹೋಗ್ಬೋದು," ಅಂದಳು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಹೋಗಿ ನಿಜ ಹೇಳು. ಸುಳ್ಳು ಹೇಳ್ಕೊಂಡು ನಾನು ಅವರ ಕೆರೆಗೆ ಇಳಿಯಲ್ಲ."

"ನೀನೇ ಹೇಳೆ ಅಕ್ಕ."

"ಹೂಂ ಅಂದೋಳು ನೀನು."

ಅಷ್ಟು ಜನರ ಎದುರು ನಾನು ಯಾವತ್ತೂ ನಿಂತವಳಲ್ಲ. ಆರತಿ ತಟ್ಟೆಯ ದೀಪವನ್ನೇ ನೋಡುತ್ತ ಹೇಳಿದೆ: "ಗಣಪತಿ ಅಲ್ಲ. ದೋಣಿ. ಗಾಳಿ ದೋಣಿ. ನಮ್ಮಕ್ಕಂಗೆ. ಅವಳಿಗೆ ನಡೆಯಕ್ಕಾಗಲ್ಲ. ಒಬ್ಳೇ ನೀರಲ್ಲಿ ಇರ್ಬೇಕಂತೆ."

ರಾಮಯ್ಯ ಟವೆಲಿನಿಂದ ಮುಖ ಒರೆಸಿಕೊಂಡು, "ಅಂದ್ರೆ ಬುಡೋದು ನಿಮ್ಮಕ್ಕನ್ನ," ಅಂದರು.

ನಗು ಎದ್ದಿತು. ಹಿಂದೆ ನಿಂತಿದ್ದ ಒಬ್ಬರು ಮಾತ್ರ ನಗದೆ, "ಬ್ಯಾಡ ಕಣ್ರೀ, ನಾಳೆ ಹೆಚ್ಚುಕಮ್ಮಿ ಆದ್ರೆ ಊರಿನ್ ತಲೆ ಮೇಲ್ ಬರುತ್ತೆ," ಅಂದರು. ಒಂದಿಬ್ಬರು ಹೌದೆಂದು ತಲೆಯಾಡಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಜ್ಜಿ ಯಾರ ಮಾತಿಗೂ ಕಾಯದೆ ಓಮ್ನಿಯ ಹತ್ತಿರ ಹೋಗಿ ಬಾಗಿಲು ಸರಿಸಿದರು. ನಾವು ಹೆದರುತ್ತಿದ್ದ ಪ್ರಶ್ನೆಯನ್ನೇ ಮೊದಲು ಕೇಳಿದರು.

"ಕಾಲಿಗೇನಾಯ್ತವ್ವ?"

"ಸ್ಕೂಟರಿಂದ ಬಿದ್ದೆ ಅಜ್ಜಿ. ನಾನು ಎದ್ದೆ, ಅವು ಏಳ್ಲಿಲ್ಲ."

ಅಜ್ಜಿ ಲೊಚಗುಟ್ಟಲಿಲ್ಲ. "ಈಜು ಬರುತ್ತಾ?"

"ಚಿಕ್ಕೋಳಿದ್ದಾಗಿಂದ ಬರುತ್ತೆ. ಈಗ ಕೈಯಲ್ಲೇ ಈಜ್ತೀನಿ. ಮೇಲೆ ಈ ಜಾಕೆಟ್ಟೂ ಐತೆ, ಮುಳುಗು ಅಂದ್ರೂ ಬಿಡಲ್ಲ." ಜಬೀನ್ ಕಿತ್ತಳೆ ಬಣ್ಣದ ಜಾಕೆಟ್ ಎತ್ತಿ ತೋರಿಸಿದಳು.

ಅಜ್ಜಿ ರಾಮಯ್ಯನ ಕಡೆ ನೋಡಿದರು. ರಾಮಯ್ಯ ಕೆರೆಯ ಕಡೆ ನೋಡಿದರು.

"ಎಡಕ್ಕೆ ತಾವರೆ ಬಳ್ಳಿ ಐತೆ, ಅಲ್ಲಿಗ್ ಹೋಗ್ಬೇಡವ್ವ. ಬಲಕ್ಕೆ ಎಷ್ಟ್ ದೂರಾನಾರ ಹೋಗು," ಅಂದರು. "ಗಣಪತಿ ಬುಟ್ರೆ ವಾಪಸ್ ಬರಲ್ಲ. ನೀನು ಬರ್ಬೇಕು. ಅದೊಂದೇ ಕಂಡೀಷನ್ನು." ಆಮೇಲೆ ಬೇಡವೆಂದವರ ಕಡೆ ತಿರುಗಿ, "ನಾನಿಲ್ಲೇ ದಡದಲ್ಲಿ ಕೂತಿರ್ತೀನಿ ಮಾರಾಯ. ಹೆಚ್ಚುಕಮ್ಮಿ ಆದ್ರೆ ನಾನೇ ಈಜ್ತೀನಿ," ಅಂದರು. ಆ ಮನುಷ್ಯ ಗೊಣಗುತ್ತಲೇ ಬಂದು ಪಂಪಿನ ಮೇಲೆ ಕಾಲಿಟ್ಟರು. ಅರ್ಧ ದೋಣಿ ತುಂಬಿದ್ದು ಅವರೇ.

ಆರತಿಯನ್ನೂ ಬಿಡಲಿಲ್ಲ. "ಹಚ್ಚಿದ್ ದೀಪ ಸುಮ್ನೆ ವಾಪಸ್ ಹೋಗಬಾರ್ದು," ಎಂದು ಅಜ್ಜಿ ದೋಣಿಗೂ ಅಕ್ಕನಿಗೂ ಸೇರಿಸಿ ಬೆಳಗಿದರು. ಬಿಡುವ ಮೊದಲು ಮೂರು ಸಲ ಮುಳುಗಿಸಿ ಎತ್ತುವುದು ಪದ್ಧತಿ ಎಂದು ಯಾರೋ ನೆನಪಿಸಿದರು. "ಅದೊಂದು ನಂಗೆ ಮಾಫಿ ಮಾಡ್ಬುಡಿ," ಅಂದಳು ಅಕ್ಕ.

ಕುರ್ಚಿಯನ್ನು ಅವಳು ತಾನೇ ಇಳಿಸಿಕೊಂಡಳು. ನನ್ನ ಕೈ ಅಭ್ಯಾಸದಂತೆ ಹಿಂದಿನ ಹಿಡಿಗೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಮೊಣಕಾಲುದ್ದ ನೀರಿನಲ್ಲಿ ಬ್ರೇಕ್ ಹಾಕಿ, ತೋಳಿನ ಮೇಲೆ ಭಾರ ಬಿಟ್ಟು ದೋಣಿಗೆ ಸರಿದು, ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಂಡಳು. ದೋಣಿಯ ಮೂತಿಗೆ ಒಂದು ಹಗ್ಗ ಕಟ್ಟಿ, ಅದರ ತುದಿಯನ್ನು ನಾನು ಹಿಡಿದುಕೊಂಡಿದ್ದೆ. ಅಪ್ಪನಿಗೆ ಹಾಗೆ ಮಾತು ಕೊಟ್ಟಿದ್ದೆ.

ಹಗ್ಗ ಮುಗಿಯುವಷ್ಟು ದೂರ ಹೋದಳು. ದೋಣಿ ಎಳೆತಕ್ಕೆ ಸಿಕ್ಕಿ ನನ್ನ ಕಡೆಗೇ ತಿರುಗಿತು. ಅವಳು ನನ್ನನ್ನು ನೋಡಿದಳು. ಹುಟ್ಟನ್ನು ನೀರಿನಿಂದ ಎತ್ತಿ ಹಿಡಿದು ಕಾದಳು. ಆ ಎರಡು ವರ್ಷದಲ್ಲಿ ಅವಳು ಅಷ್ಟು ತಾಳ್ಮೆಯಿಂದ ಯಾವುದಕ್ಕೂ ಕಾದದ್ದು ನಾನು ಕಂಡಿಲ್ಲ. ಅಪ್ಪನಿಗೆ ನಾನು ಸಮಾಧಾನ ಹೇಳಬಹುದು ಎಂದುಕೊಂಡು ತುದಿಯನ್ನು ನೀರಿಗೆ ಹಾಕಿದೆ. ಅವಳು ಹಗ್ಗವನ್ನು ಕೈ ಮೇಲೆ ಕೈ ಹಾಕಿ ಎಳೆದುಕೊಂಡು ಸುತ್ತಿ ಕಾಲ ಹತ್ತಿರ ಇಟ್ಟುಕೊಂಡಳು. ನಮಗೆ ಬೆನ್ನು ಮಾಡಿ ಬಲಕ್ಕೆ ಹುಟ್ಟು ಹಾಕಿದಳು.

ನೋಡಲು ಇನ್ನೇನೂ ಇಲ್ಲವೆಂದು ಜನ ಮನೆಗೆ ಹೋದರು. ಜಬೀನ್ ಪ್ಯಾಂಟು ಮಡಚಿ ನೀರಿನಲ್ಲಿ ನಿಂತಳು. ರಾಮಯ್ಯ ಹೇಳಿದಂತೆ ದಡದಲ್ಲಿ ಕೂತು ಬೀಡಿ ಹಚ್ಚಿದರು. ಅಜ್ಜಿ ಮೊರವನ್ನು ಅಲ್ಲಿಗೇ ತಂದು, ಒಂದು ಬೊಗಸೆ ಅವರೆಕಾಯಿ ನನ್ನ ಮಡಿಲಿಗೆ ಸುರಿದರು. ನಾನು ಸುಲಿಯುತ್ತ ಕೂತೆ. ರೈಟರು, ಕುರಿಯವರು, ಪಂಪು ಒತ್ತಿದವರು, ಎಲ್ಲರ ಮುಖವೂ ಒಂದೊಂದಾಗಿ ಕಣ್ಣ ಮುಂದೆ ಬಂತು. ಅವರಿಗೆಲ್ಲ ಹೇಳಬೇಕಾದ ಮಾತು ನನ್ನ ಎದೆಯಲ್ಲಿ ತುಂಬಿಕೊಂಡಿತ್ತು, ಹೇಳಲು ಎದುರಿಗಿದ್ದದ್ದು ಅಜ್ಜಿ ಒಬ್ಬರೇ.

"ತುಂಬ ಉಪಕಾರ ಆಯ್ತು ಅಜ್ಜಿ," ಅಂದೆ.

"ಬಲಿತಿರೋದನ್ನ ಬೇರೆ ಹಾಕವ್ವ," ಅಂದರು ಅವರು.

ಅಕ್ಕ ಕೆರೆಯ ನಡುವೆ ಹುಟ್ಟನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಗಾಳಿ ದೋಣಿಯನ್ನು ನಿಧಾನಕ್ಕೆ ತಿರುಗಿಸುತ್ತಿತ್ತು, ಅವಳು ತಡೆಯುತ್ತಿರಲಿಲ್ಲ. ಬಿಸಿಲು ಏರಿತು.

"ಹೊತ್ತಾಯ್ತು, ಕರೀಲಾ?" ಅಂದರು ಅಜ್ಜಿ.

"ಬೇಡ ಅಜ್ಜಿ," ಅಂದೆ. "ಅವಳಿಗೆ ಸಾಕು ಅನ್ನಿಸ್ದಾಗ ಬರ್ಲಿ."