ಬಂಡೆಯ ಬುಡ

ಸಿದ್ದೇಶ ಹಾರೆ ಎತ್ತಿ ಮೂರನೆಯ ಜಾಗದಲ್ಲಿ ಹಾಕಿದಾಗಲೂ ಅದೇ ಸದ್ದು ಬಂತು. ಮೊಳದಷ್ಟು ಮಣ್ಣು, ಅದರ ಕೆಳಗೆ ಕಲ್ಲು. ಅವನು ಟವಲಿನಲ್ಲಿ ಕತ್ತು ಒರೆಸಿಕೊಂಡು ಪ್ರತಿಭಾಳ ಕಡೆ ನೋಡಿದ.

"ಇಲ್ಲೂ ಅಂಗೇ ಕಣಕ್ಕ. ಈ ಬಂಡೇದು ಮ್ಯಾಲೆ ಕಾಣಾದು ಬರೀ ತಲೆ. ಮೈಯೆಲ್ಲ ಒಳಗೇ ಐತೆ."

"ಇನ್ನೊಂಚೂರು ಈಚೆಗೆ ನೋಡು ಸಿದ್ದೇಶ."

"ಈಚೆಗೆ ಅಂತ ಎಲ್ಲೀಗಂಟ ಬರಾದು? ಇಂಗೇ ಬಂದ್ರೆ ನಿಮ್ಮನೆ ಜಗಲಿ ಸಿಕ್ಕತ್ತೆ."

ಅವನು ತಮಾಷೆಗೆ ಹೇಳಿದ್ದಲ್ಲ. ಅವನ ಸೊಂಟದ ದಾರಕ್ಕೆ ಒಂದು ತೆಂಗಿನ ಗರಿಯ ಕಡ್ಡಿ ಸಿಕ್ಕಿಸಿತ್ತು. ಬೆಳಿಗ್ಗೆ ಪ್ರತಿಭಾಳ ಅಪ್ಪ ಗೌರೀಶಂಕರನ ಅಂಗಾಲಿಗೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದುಕೊಂಡದ್ದು. ಗುಂಡಿಯನ್ನು ಸತ್ತವನ ಪಾದದಿಂದಲೇ ಅಳೆಯಬೇಕು, ಒಂಬತ್ತು ಪಾದ ಆಳ. ಇವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂತವನ ತಲೆಯ ಮೇಲೂ ಮಣ್ಣು ಬೀಳಬೇಕೆಂದರೆ ಆಳ ಬೇಕೇ ಬೇಕು. ಇಲ್ಲಿ ನೋಡಿದರೆ ಆ ಕಡ್ಡಿಯನ್ನು ಎರಡು ಸಲ ಮಗುಚುವಷ್ಟೂ ಮಣ್ಣಿಲ್ಲ.

ಪ್ರತಿಭಾ ಬೆಳಿಗ್ಗೆಯಿಂದ ಒಂದು ಕಡೆ ಕೂತಿರಲಿಲ್ಲ. ಜಗಲಿಗೆ ಹೋಗುವಳು, ಅಪ್ಪನ ಮುಖ ನೋಡುವಳು, ಮತ್ತೆ ಹೊಲಕ್ಕೆ ಬರುವಳು. ಜೀವ ಹೋದ ಕೂಡಲೇ, ಮೈ ಬಿಗಿಯುವ ಮೊದಲೇ, ಅಪ್ಪನನ್ನು ಚಕ್ಕಂಬಟ್ಟಲೆ ಹಾಕಿಸಿ ಗೋಡೆಗೆ ಒರಗಿಸಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಹೊಳೆನರಸೀಪುರದ ಕಾಯಿ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ತೂಕಡಿಸುತ್ತಿದ್ದ ಹಾಗೆಯೇ ಕಾಣುತ್ತಿದ್ದ. ಆ ಮುಖ ನೋಡಿದಷ್ಟೂ ಅವಳಿಗೆ ತಳಮಳ ಹೆಚ್ಚುತ್ತಿತ್ತು, ಯಾಕೆಂದರೆ ಮಾತು ಕೊಟ್ಟವಳು ಅವಳು.

ಕಳೆದ ವಾರ ಅರಕಲಗೂಡಿನಿಂದ ರಜೆ ಹಾಕಿ ಬಂದಾಗ ಅಪ್ಪ ಕಿಟಕಿಯ ಪಕ್ಕದ ಮಂಚದಿಂದಲೇ ಬಂಡೆ ತೋರಿಸಿದ್ದ. "ನನ್ನ ಅದರ ಬುಡದಾಗೆ ಕೂರ್ಸಿ. ಆದ್ರೆ ಅದ್ನ ಒಡೆಯಾಕೆ ಕಬ್ಬಿಣ ತಾಗಿಸ್ಬ್ಯಾಡಿ." ಅವಳು ಆಯಿತೆಂದು ಕೈ ಹಿಡಿದು ಹೇಳಿದ್ದಳು. ಬಂಡೆಗೆ ಬುಡವೇ ಇಲ್ಲ ಎಂದು ಆಗ ಯಾರಿಗೆ ಗೊತ್ತಿತ್ತು?

ಜಗಲಿಯಲ್ಲಿ ಕೂತಿದ್ದವರ ಮಾತು ಹೊಲದವರೆಗೂ ಕೇಳುತ್ತಿತ್ತು. ಪಕ್ಕದ ಮನೆಯ ದಾಕ್ಷಾಯಣಮ್ಮ ಮೂಗು ಒರೆಸಿಕೊಳ್ಳುತ್ತಲೇ ಹೇಳುತ್ತಿದ್ದಳು: "ಒಂದ್ ಕಾಯಿ ತರಾಕೋದ್ರೆ ಒಂದ್ ಗಂಟೆ ಕೂರಿಸ್ಕಳರು. ಕಾಯಿಗೆಷ್ಟು ಗೌರಣ್ಣ ಅಂದ್ರೆ, ಅದಿರ್ಲಿ, ನಮ್ಮೂರ ಬಂಡೆ ಹಿಮಾಲಯಕ್ಕಿಂತ ಹಳೇದು ಗೊತ್ತಾ ಅನ್ನರು. ಕಾಯಿ ಮಾತ್ರ ಒಂದೂ ಕೆಟ್ಟಿದ್ದು ಕೊಟ್ಟೋರಲ್ಲ ತಾಯಿ."

ಯಾರೋ ನಕ್ಕರು. ಸಾವಿನ ಮನೆಯಲ್ಲಿ ನಗಬಾರದೆಂದು ನೆನಪಾಗಿ ಕೆಮ್ಮಿದರು.

*

ಆ ಕಥೆಯನ್ನು ಪ್ರತಿಭಾ ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಅಪ್ಪ ಪಿಯುಸಿಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದ ವರ್ಷ. ಟೋಪಿ ಹಾಕಿದ ಒಬ್ಬ ವಯಸ್ಸಾದ ಪ್ರೊಫೆಸರು ಸುತ್ತಿಗೆ ಹಿಡಿದು ಹೊಲಕ್ಕೆ ಬಂದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು. ಅಪ್ಪ ಹಿಡಿದ.

ಕೆಲಸ ಮುಗಿದ ಮೇಲೆ ಪ್ರೊಫೆಸರು ಬಂಡೆಯ ಅಂಚಿಗೆ ಒಂದು ಏಟು ಕೊಟ್ಟು, ಹಾರಿದ ಚಕ್ಕೆಯನ್ನು ಅಪ್ಪನ ಕೈಗಿಟ್ಟರು. ಒಳಮುಖ ಮಿರಮಿರ ಎನ್ನುತ್ತಿತ್ತು, ನಡುವೆ ಕೆಂಪು ಹರಳಿನ ಚುಕ್ಕೆಗಳು.

"ಈ ಬಂಡೆ ಹುಟ್ಟಿ ಮುನ್ನೂರು ಕೋಟಿ ವರ್ಷದ ಮೇಲಾಯ್ತು. ಆಗ ಭೂಮಿ ಮೇಲೆ ಹುಲ್ಲೂ ಇರಲಿಲ್ಲ, ಮೀನೂ ಇರಲಿಲ್ಲ. ಈ ಒಳಮುಖಕ್ಕೆ ಬಿಸಿಲು ಬಿದ್ದಿದ್ದು ಇವತ್ತೇ ಮೊದಲು. ಇದನ್ನ ನೋಡಿದವರಲ್ಲಿ ನೀನೇ ಮೊದಲನೆಯವನು."

ಪಕ್ಕದಲ್ಲಿ ಚಡ್ಡಿ ಹಾಕಿಕೊಂಡು ನಿಂತಿದ್ದ ತಮ್ಮ ಕಾಂತರಾಜು ಕೇಳಿದನಂತೆ: "ಇದ್ರಾಗೆ ಚಿನ್ನ ಐತಾ ಸಾ?"

"ಇಲ್ಲ."

ಕಾಂತರಾಜು ಗೋಲಿ ಆಡಲು ಓಡಿಹೋದ. ಅಪ್ಪ ಅಲ್ಲೇ ನಿಂತ. ಒಂದು ಲೆಕ್ಕದಲ್ಲಿ ಸಾಯುವವರೆಗೂ ಅಲ್ಲೇ ನಿಂತಿದ್ದ. ಆ ಚಕ್ಕೆ ಗಲ್ಲಾಪೆಟ್ಟಿಗೆಯ ಮೇಲೆ ಕೂತಿತು. ಬಂದವರಿಗೆಲ್ಲ ತೋರಿಸಿ, ಕೈಯಾಡಿಸಿ ಆಡಿಸಿ, ಅದರ ಹೊಳಪೆಲ್ಲ ಹೋಗಿ ಹುಣಸೆಬೀಜದ ಬಣ್ಣಕ್ಕೆ ಬಂದಿತ್ತು.

ಹೈಸ್ಕೂಲಿನಲ್ಲಿದ್ದಾಗ ಗೆಳತಿಯರ ಮುಂದೆ ಅವಳಿಗೆ ನಾಚಿಕೆಯಾಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟಿದ್ದಳು. "ಅದರಿಂದ ಏನ್ ಉಪಯೋಗ ಅಪ್ಪ? ಏನ್ ಮಾಡಕ್ಕಾಯ್ತದೆ ಅದ್ರಲ್ಲಿ?"

"ಮಾಡಾದೇನು? ನೋಡಾದು," ಅಂದಿದ್ದ ಅಪ್ಪ, ಕಾಯಿಯೊಂದನ್ನು ಕಿವಿಯ ಹತ್ತಿರ ಕುಲುಕುತ್ತಾ.

*

"ನೋಡ್ತಾ ನಿಂತ್ರೆ ಆಗಲ್ಲ ಕಣಮ್ಮ. ಒತ್ತು ಇಳೀತಾ ಐತೆ," ಅಂದ ಕಾಂತರಾಜು.

ಅವನು ಪೇಟೆಯಲ್ಲಿ ಸಿಮೆಂಟು, ಜಲ್ಲಿ ಅಂಗಡಿ ಇಟ್ಟವನು. ಅಣ್ಣ ಕಲ್ಲು ಕಾಯ್ತಾನೆ, ತಮ್ಮ ಕಲ್ಲು ಮಾರ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಈ ಬಂಡೆ ಸಿಡಿಸಿ ಮನೆ ಕಟ್ಟುತ್ತೇನೆಂದು ಹೊರಟಿದ್ದ. ಅಣ್ಣ ಅಡ್ಡ ಬಂದ. ಆ ಸಿಟ್ಟಿಗೆ ಪೇಟೆಯಲ್ಲಿ ಮನೆ ಮಾಡಿದ. ಹಬ್ಬಕ್ಕೆ ಬರುತ್ತಿದ್ದ, ಅಣ್ಣನ ಎಲೆಯ ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದ, ಆದರೆ ಬಂಡೆಯ ಕಡೆಗೆ ತಲೆ ಹಾಕಿ ಮಲಗುತ್ತಿರಲಿಲ್ಲ.

ಅವನ ಹಿಂದೆ, ರಸ್ತೆಯ ಅಂಚಿನಲ್ಲಿ, ಕಲ್ಲು ಒಡೆಯುವ ಬ್ರೇಕರು ಕಟ್ಟಿದ ಯಂತ್ರ ಬಂದು ನಿಂತಿತ್ತು.

"ಇದ್ನ ಯಾಕೆ ಕರೆಸಿದ್ರಿ ಚಿಕ್ಕಪ್ಪ? ಕಬ್ಬಿಣ ತಾಗಿಸ್ಬ್ಯಾಡಿ ಅಂತ ಅಪ್ಪ ಏಳಿದ್ದು ನಿಮಗೂ ಗೊತ್ತು."

"ಗೊತ್ತು. ಅಂಗಾರೆ ಊರ ರುದ್ರಭೂಮಿಗೆ ತಕ್ಕಂಡೋಗಾನ."

"ಬಂಡೆ ಬುಡದಾಗೇ ಅಂತ ಮಾತು ಕೊಟ್ಟಿದೀನಿ."

"ಎರಡೂ ಬೇಕು ಅಂದ್ರೆ ಎಂಗಮ್ಮ?"

"ಇಲ್ಲೇ ಕೂರ್ಸಿ, ಮ್ಯಾಲೆ ಮಣ್ಣು ಗುಡ್ಡೆ ಆಕಿ, ಕಲ್ಲು ಪೇರ್ಸಿದ್ರೆ?"

ಕಾಂತರಾಜುವಿನ ಮುಖ ಕೆಂಪಾಯಿತು. "ಮೊಳದುದ್ದದ ಗುಂಡೀಲಿ ಕೂರ್ಸಿ, ರಾತ್ರಿ ನಾಯಿ ಬಂದು ಕೆರೀಲಿ ಅಂತಲಾ? ನನ್ನ ಅಣ್ಣ ಕಣಮ್ಮ ಅವ್ನು." ಬೆಳಿಗ್ಗೆಯಿಂದ ಓಡಾಡಿ, ಪೆಂಡಾಲು ಹಾಕಿಸಿ, ಬಾಳೆಕಂಬ ತರಿಸಿ, ಎಲ್ಲರನ್ನೂ ಗದರುತ್ತಿದ್ದ ಮನುಷ್ಯ ಈಗ ಮೊದಲ ಸಲ ಕಣ್ಣು ಒರೆಸಿಕೊಂಡ.

ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಸೂರ್ಯನ ಕಡೆ ನೋಡಿ ಮೆಲ್ಲಗೆ ಹೇಳಿದರು. "ಇನ್ನೊಂದು ಮಾತು ತಾಯಿ. ತೋಡಿದ ಗುಂಡೀನ ಖಾಲಿ ಬಿಡಬಾರದು. ಅದು ಇನ್ನೊಬ್ಬರನ್ನ ಕೇಳ್ತದೆ ಅಂತಾರೆ. ಏನಾರ ಒಂದು ಬೇಗ ತೀರ್ಮಾನ ಮಾಡಿ."

ಎಲ್ಲರೂ ಪ್ರತಿಭಾಳನ್ನೇ ನೋಡುತ್ತಿದ್ದರು. ಅಣ್ಣತಮ್ಮಂದಿರಿಲ್ಲದ ಮಗಳು, ಅವಳ ಮಾತೇ ಕೊನೆ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಊರಲ್ಲಿ ಎಷ್ಟು ಜನ ಸುಮ್ಮನೆ ಸಾಯುತ್ತಾರೆ. ಈತನಿಗೆ ಮಾತ್ರ ಬಂಡೆಯೂ ಬೇಕು, ಬಂಡೆಗೆ ನೋವೂ ಆಗಬಾರದು. ಆಮೇಲೆ ಆ ಸಿಟ್ಟಿಗೆ ಅವಳಿಗೇ ಅಳು ಬಂತು.

"ನಿಮಗೆ ತೋಚಿದ್ದು ಮಾಡಿ ಚಿಕ್ಕಪ್ಪ," ಅಂದಳು. ಅಂದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡಳು. ಆದರೆ ಕಾಂತರಾಜು ಅಷ್ಟರಲ್ಲಿ ಕೈ ಬೀಸಿ ಆಗಿತ್ತು.

ಯಂತ್ರ ಹೊಲದಂಚಿನ ತೆವರಿ ಹತ್ತಿ ಬಂದು ಬಂಡೆಯ ಮೇಲೆ ಮೂತಿ ಇಟ್ಟಿತು. ಒಂದು ಏಟು. ನೆಲದ ಅದುರು ಪ್ರತಿಭಾಳ ಹಲ್ಲುಗಳವರೆಗೂ ಬಂತು. ಬಿಳಿ ದೂಳೆದ್ದು, ಅಂಗೈಯಗಲದ ಚಕ್ಕೆಯೊಂದು ಸಿಡಿದು ಕಾಂತರಾಜುವಿನ ಕಾಲ ಬಳಿ ಬಿತ್ತು. ಅವನು ಬಗ್ಗಿ ಎತ್ತಿಕೊಂಡ.

"ನಿಲ್ಸಿ," ಎಂದಿತು ಒಂದು ದನಿ.

ಅವ್ವ ಪ್ರೇಮಕುಮಾರಿ. ಬೆಳಿಗ್ಗೆಯಿಂದ ಗಂಡನ ಮಂಡಿಯ ಪಕ್ಕದಿಂದ ಅಲುಗದೆ, ಒಂದು ಮಾತೂ ಆಡದೆ ಕೂತವಳು, ಬರಿಗಾಲಲ್ಲಿ ಹೊಲಕ್ಕೆ ನಡೆದು ಬಂದಿದ್ದಳು. ಯಂತ್ರ ಸುಮ್ಮನಾಯಿತು.

"ಈ ಕಡೆ ಯಾಕೆ ತೋಡ್ತಾ ಇದೀರಿ?"

"ಬುಡದಾಗೆ ಕೂರ್ಸಿ ಅಂದಿದ್ರಲ್ಲವ್ವ," ಅಂದಳು ಪ್ರತಿಭಾ.

"ಅವ್ರು ಎಂದಾರ ಈ ಕಡೆ ಕೂತಿದ್ದ ಕಂಡಿದೀಯಾ? ಈ ಕಡೆ ಕೂತ್ರೆ ಮನೆಗೆ ಕಾಣತ್ತೆ." ಅವ್ವ ಬಂಡೆಯನ್ನು ಬಳಸಿ ಹೊರಟಳು. "ಬೀಡಿ ಸೇದಾಕೆ ಓಗ್ತಿದ್ದದ್ದು ಆ ಕಡೀಕೆ. ನಂಗೆ ಗೊತ್ತಿಲ್ಲ ಅನ್ಕಂಡಿದ್ರು."

ಬಂಡೆಯ ಆಚೆ ಬದಿಗೆ ಎರಡು ಮೂರು ವರ್ಷದಿಂದ ಯಾರೂ ಹೋಗಿರಲಿಲ್ಲ, ಅಪ್ಪನ ಕಾಲು ಸೋತಾಗಿನಿಂದ. ಲಂಟಾನ ಆಳೆತ್ತರ ಬೆಳೆದಿತ್ತು. ಸಿದ್ದೇಶ ಮಚ್ಚು ತೆಗೆದುಕೊಂಡು ಸವರುತ್ತಾ ಹೋದ. ಪೊದೆ ಬಿದ್ದ ಹಾಗೆ ಒಳಗೊಂದು ಗೂಡು ಕಂಡಿತು. ಬಂಡೆ ಅಲ್ಲಿ ಒಳಕ್ಕೆ ಬಾಗಿ, ಒಬ್ಬ ಮನುಷ್ಯ ಬೆನ್ನು ಕೊಟ್ಟು ಕೂರುವಷ್ಟು ಗೋಡೆಯಾಗಿತ್ತು. ಮೇಲೆ ಗೇಣುದ್ದದ ಸೂರು. ಬೆನ್ನು ತಾಗುವ ಜಾಗ ನುಣ್ಣಗಾಗಿತ್ತು. ಅದರ ಕಾಲಬುಡದಲ್ಲಿ ಒಂದು ಕರಟ, ಕರಟದ ತುಂಬ ಬೀಡಿ ತುಂಡು.

ಅವ್ವ ಕರಟವನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

ಅಯ್ಯನವರು ಸೂರ್ಯನನ್ನು ನೋಡಿ ದಿಕ್ಕು ಲೆಕ್ಕ ಹಾಕಿದರು. "ಬೆನ್ನು ದಕ್ಷಿಣಕ್ಕೆ, ಮುಖ ಉತ್ತರಕ್ಕೆ. ನಾವು ಕೂರಿಸೋದೂ ಹಂಗೇ. ಗುಂಡಿ ಗೋಡೇಲಿ ಕೂರಿಸೋಕೆ ಗೂಡು ಕೊರೀಬೇಕಿತ್ತು, ಅದೂ ಇದೆ. ಮಣ್ಣು ನೋಡಪ್ಪ."

ಸಿದ್ದೇಶ ಹಾರೆ ಎತ್ತಿದ. ಪ್ರತಿಭಾ ಕಣ್ಣು ಮುಚ್ಚಿಕೊಂಡಳು. ಈ ಸಲ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಹಾರೆ ಅರ್ಧ ಒಳಗೆ ಹೋಗಿತ್ತು. ಎಷ್ಟು ಕಾಲದ ಮಳೆ ಬಂಡೆಯ ಮೇಲಿಂದ ಇಳಿಸಿ ತಂದು ತುಂಬಿದ ಮೆತ್ತನೆ ಮಣ್ಣೋ, ಗುದ್ದಲಿಗೆ ಬೆಣ್ಣೆಯ ಹಾಗೆ ಬರುತ್ತಿತ್ತು. ಸಿದ್ದೇಶ ಕಡ್ಡಿ ತೆಗೆದು ಅಳೆಯುತ್ತಾ ಇಳಿದ. ಕೊನೆಗೆ ಅವನ ತಲೆಯೂ ಕಾಣಲಿಲ್ಲ. ಒಳಗಿನಿಂದ ಅವನ ದನಿ ಬಂತು: "ಸಾಕಾಯ್ತು ಕಣಕ್ಕ. ಇಲ್ಲೂ ಬೆನ್ನಿಗೆ ಬಂಡೆ ಸಿಕ್ಕತ್ತೆ."

*

ಅಪ್ಪನನ್ನು ಬಾಳೆಕಂಬದ ವಿಮಾನದಲ್ಲಿ ಕೂರಿಸಿ ಬಂಡೆಯನ್ನು ಬಳಸಿ ತಂದರು. ಇಳಿಸಿದರು. ಬೆನ್ನು ಬಂಡೆಗೆ ಸರಿಯಾಗಿ ಕೂತಿತು. ವಿಭೂತಿ, ಬಿಲ್ವಪತ್ರೆ, ಉಪ್ಪು ಬಿದ್ದವು. ಗಲ್ಲಾಪೆಟ್ಟಿಗೆಯ ಹಳೆಯ ಚಕ್ಕೆಯನ್ನು ಪ್ರತಿಭಾ ತಂದಿದ್ದಳು. ಅದನ್ನೂ ಅವನ ಬಲಗೈಗೆ ಇಡಿಸಿದಳು. ಶಾಸ್ತ್ರದಲ್ಲಿ ಇದೆಯೋ ಇಲ್ಲವೋ, ಅಯ್ಯನವರು ಬೇರೆ ಕಡೆ ನೋಡಿದರು. ಮೊದಲ ಪುಟ್ಟಿ ಮಣ್ಣನ್ನು ಕಾಂತರಾಜು ಹೊತ್ತು ತಂದ. ಎರಡನೆಯದನ್ನೂ ಅವನೇ ತಂದ. ಆಮೇಲೆ ಯಾರು ಕೇಳಿದರೂ ಪುಟ್ಟಿ ಬಿಡಲಿಲ್ಲ. ಈಚೆ ಬದಿಯಲ್ಲಿ ಅಗೆದು ಬಿಟ್ಟಿದ್ದ ಮೂರು ಗುಂಡಿಗಳಿಗೂ ಒಂದೊಂದು ತೆಂಗಿನಕಾಯಿ ಹಾಕಿ ಮುಚ್ಚಿದರು. ಅಂಗಡಿಯ ಕಾಯಿಗಳೇ, ಮೂರೂ ಬಲಿತವು.

ಹೊತ್ತು ಮುಳುಗುವ ಸಮಯಕ್ಕೆ ಜನ ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಕಾಂತರಾಜು ಕಾಣಲಿಲ್ಲ. ಪ್ರತಿಭಾಳಿಗೆ ಗಾಬರಿಯಾಯಿತು. ಹುಡುಕಿಕೊಂಡು ಹೊಲಕ್ಕೆ ಬಂದಳು.

ಬ್ರೇಕರಿನ ಏಟು ಬಿದ್ದ ಜಾಗದ ಪಕ್ಕದಲ್ಲಿ ಅವನು ಚಪ್ಪಲಿ ಬಿಟ್ಟು ಕೂತಿದ್ದ. ಪಂಚೆಯೆಲ್ಲ ಮಣ್ಣು. ಮಧ್ಯಾಹ್ನ ಎತ್ತಿಕೊಂಡಿದ್ದ ಚಕ್ಕೆ ಅಂಗೈಯಲ್ಲಿತ್ತು. ಉಳಿದಿದ್ದ ಬೆಳಕಿಗೆ ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ತಿರುಗಿಸಿದ ಹಾಗೆಲ್ಲ ಒಳಮುಖ ಮಿರಮಿರ ಎನ್ನುತ್ತಿತ್ತು, ನಡುವೆ ಕೆಂಪು ಚುಕ್ಕೆಗಳು.

"ಚಿಕ್ಕಪ್ಪ, ನೀರು ಮುಟ್ಕಳಾಕೆ ಕರೀತಾವ್ರೆ."

ಅವನು ತಲೆ ಎತ್ತಲಿಲ್ಲ. "ಇದ್ನ ಇದುವರ್ಗೂ ಯಾರೂ ನೋಡಿರ್ನಿಲ್ಲ, ಅಲ್ವೇನಮ್ಮ?"

"ಇಲ್ಲ ಚಿಕ್ಕಪ್ಪ."

"ನಾನೇ ಮೊದ್ಲು."

"ಊಂ."

ಅವನು ಎದ್ದು ನಿಂತ. ಆಮೇಲೆ ಬಂಡೆಯ ಮೇಲೆ ಎದೆಯೂರಿ, ಆ ಚಕ್ಕೆ ಹಿಡಿದ ಕೈಯನ್ನು ಆಚೆ ಬದಿಯಲ್ಲಿ ಕೂತವನಿಗೆ ಕಾಣಲಿ ಎನ್ನುವಂತೆ ಆದಷ್ಟು ಉದ್ದಕ್ಕೆ ಚಾಚಿ, ಹಾಗೇ ಹಿಡಿದುಕೊಂಡ.