ಅಟ್ಟದ ಕೆಳಗಿನ ಕೋಣೆ

ಅರಳಗುಪ್ಪೆಯ ಕಾಡಸಿದ್ದಪ್ಪನವರ ಮನೆಯ ಅಟ್ಟದ ಮೇಲೆ ವರ್ಷವಿಡೀ ತೆಂಗಿನಕಾಯಿಗಳು ಒಣಗಿ ಕೊಬ್ಬರಿಯಾಗುತ್ತ ಮಲಗಿರುತ್ತವೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಕೊಬ್ಬರಿ ಒಣಗಿದೆ ಎಂದು ಲೆಕ್ಕ. ಆ ಕೆಲಸದಲ್ಲಿ ಅವರ ಹೆಂಡತಿ ವಿಮಲಮ್ಮನನ್ನು ಮೀರಿಸುವವರು ಊರಲ್ಲಿರಲಿಲ್ಲ. ಈಗ ಮೂರು ವರ್ಷದಿಂದ ಅವರ ಬಲಗೈ ಯಾರೂ ಹೇಳದೆ ತಾನೇ ಅಲ್ಲಾಡುತ್ತಿತ್ತು.

ವೈದ್ಯರು ಪಾರ್ಕಿನ್ಸನ್ ಎಂದು ಮಾತ್ರೆ ಕೊಟ್ಟರು. ಊರು ಶಾಪ ಎಂದಿತು. ಕಾಡಸಿದ್ದಪ್ಪ ಕೆಟ್ಟವರಲ್ಲ, ಹೊತ್ತು ಮೀರದಂತೆ ಮಾತ್ರೆ ಕೊಡುವವರೇ. ಆದರೆ ನಾಲ್ಕು ಜನ ಏನೆಂದಾರು ಎಂಬುದು ಅವರಿಗಂಟಿದ ಕಾಯಿಲೆ. ಮನೆಗೆ ಯಾರೇ ಬಂದರೂ ಹೆಂಡತಿಯನ್ನು ಅಟ್ಟದ ಕೆಳಗಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಎಳೆದುಬಿಡುತ್ತಿದ್ದರು. ಇಂಥ ಕೋಣೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ, ಹೇಳಿ.

ವಿಮಲಮ್ಮನೇ ಸಾಕಿ ಬೆಳೆಸಿದ ಮೊಮ್ಮಗಳು ಇಂಪನಾ ತಿಪಟೂರಿನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಹೇಳಿದಳು: "ತಾತ, ಗುರುವಾರ ಗುರುವಾರ ಈ ಕಾಯಿಲೆಯೋರೆಲ್ಲ ತಿಪಟೂರಲ್ಲಿ ಸೇರ್ತಾರೆ. ಹಾಡಿಗೆ ಹೆಜ್ಜೆ ಹಾಕಿಸ್ತಾರೆ. ಒಪ್ಪಿದೋರ ನಡಿಗೆ ನೋಡಿ, ರಕ್ತ ತಗೊಂಡು ಸಂಶೋಧನೇನೂ ಮಾಡ್ತಾವ್ರೆ. ಅಜ್ಜೀನ ಕರ್ಕೊಂಡೋಗ್ತೀನಿ."

"ಬುಡು ಬುಡು. ಭಾನುವಾರ ನಿನ್ನ ನೋಡಾಕೆ ಶೆಟ್ಟಿಕೆರೆಯೋರು ಬತ್ತಾವ್ರೆ. ಮನೆತನದ ರಕ್ತದಲ್ಲೇ ನಡುಕ ಐತೆ ಅಂದ್ರೆ ಯಾರು ಕಣೇ ಮದ್ವೆ ಆಗ್ತಾರೆ?"

"ಬಹಳ ಜನಕ್ಕೆ ಇದು ವಂಶದಿಂದ ಬರಲ್ಲ ತಾತ, ಡಾಕ್ಟ್ರೇ ಹೇಳವ್ರೆ."

"ಡಾಕ್ಟ್ರು ಬಂದು ಗಂಡು ಹುಡುಕ್ತಾರಾ?"

ವಿಮಲಮ್ಮ ಅಲ್ಲೇ ಕೂತು ಕೇಳುತ್ತಿದ್ದರು. ಹಾಡಿಗೆ ಹೆಜ್ಜೆ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಭಾನುವಾರ ಮತ್ತೆ ಅದೇ ಕೋಣೆ. ಅಟ್ಟದ ಸಂದಿಯಿಂದ ಬಿಸಿಲು ದಾರದಂತೆ ಇಳಿಯುತ್ತಿತ್ತು. ಕೊಬ್ಬರಿಯ ವಾಸನೆಗೆ ವಿಮಲಮ್ಮನಿಗೆ ಜೊಂಪು ಹತ್ತಿತು. ಮದುವಣಗಿತ್ತಿಯಾಗಿ ಬಂದ ದಿನ ಅತ್ತೆ ಕೈಗೆ ಕಾಯಿ ಕೊಟ್ಟು, "ಅಲ್ಲಾಡ್ಸು, ಏನನ್ನುತ್ತೆ ಕೇಳು" ಎಂದದ್ದು ತೇಲಿ ಬಂತು. ತೋಟದ ಗರಿಗಳೆಲ್ಲ ಯಾವುದೋ ಹಾಡಿಗೆ ತೂಗುತ್ತಿದ್ದವು, ಕೆಳಗೆ ತಾನು ಹಗುರಾಗಿ ನಡೆಯುತ್ತಿದ್ದಂತೆ ಅನ್ನಿಸಿತು. ಆ ಮಂಪರಿನಲ್ಲೇ ಪಕ್ಕದಲ್ಲಿದ್ದ ಕಾಯಿಯೊಂದನ್ನು ಎತ್ತಿಕೊಂಡರು. ಕೈ ನಡುಗಿತು. ಕಾಯಿ ಗಡಗಡ ಎನ್ನತೊಡಗಿತು, ನಿಲ್ಲಲೇ ಇಲ್ಲ.

ಹಜಾರದಲ್ಲಿ ಗಂಡಿನ ತಂದೆ ಶಂಭುಲಿಂಗಯ್ಯ ಕಾಫಿ ಲೋಟ ಕೆಳಗಿಟ್ಟರು. ಕೊಬ್ಬರಿ ವ್ಯಾಪಾರದಲ್ಲೇ ತಲೆ ನರೆತವರು. "ಯಾರೋ ಕಾಯಿ ನೋಡ್ತಾವ್ರೆ ಕಣ್ರೀ. ಚೆನ್ನಾಗಿ ಒಣಗೈತೆ."

"ಇಲಿ ಕಣ್ರೀ," ಎಂದರು ಕಾಡಸಿದ್ದಪ್ಪ.

ಆ ಮಾತು ಒಳಗೂ ಕೇಳಿಸಿತು. ನಲವತ್ತೆರಡು ವರ್ಷದ ಸಂಸಾರ! ವಿಮಲಮ್ಮ ಎದ್ದು ಬಾಗಿಲು ತೆರೆದರು. ಕಾಯಿಯನ್ನು ಎದೆಗವಚಿಕೊಂಡು, ಗೋಡೆ ಹಿಡಿದು, ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹೊರಗೆ ಬಂದರು.

"ಇಲಿ ಅಲ್ಲ, ನಾನು. ಇಂಪನಾಳ ಅಜ್ಜಿ."

"ಒಳಕ್ಕೋಗೇ," ಎಂದು ಕಾಡಸಿದ್ದಪ್ಪ ಹಲ್ಲು ಕಚ್ಚಿದರು.

"ಇನ್ನು ಹೋಗಲ್ಲ ಕಣ್ರೀ. ಗುರುವಾರ ತಿಪಟೂರಿಗೆ ಹೋಗ್ತೀನಿ. ಈ ಕೈ ಯಾಕೆ ನಡುಗುತ್ತೆ ಅಂತ ಅವರು ನೋಡ್ಲಿ. ನಂಗೆ ವಾಸಿಯಾಗ್ದಿದ್ರೂ ಮುಂದಿನೋರಿಗೆ ಆಗ್ಲಿ."

ಶೆಟ್ಟಿಕೆರೆಯವರು ಫೋನ್ ಮಾಡುತ್ತೇವೆಂದು ಹೊರಟರು. ಫೋನ್ ಬರಲಿಲ್ಲ. "ಬರ್ದಿದ್ರೆ ಬುಡಜ್ಜಿ, ಅಂಥ ಮನೆಗೆ ನಾ ಯಾಕೆ ಹೋಗ್ಲಿ," ಎಂದು ಇಂಪನಾ ನಕ್ಕಳು.

ಗುರುವಾರ ಬಸ್ಸಿನ ಹಿಂದಿನ ಸೀಟಿನಲ್ಲಿ ಕಾಡಸಿದ್ದಪ್ಪನೂ ಕೂತಿದ್ದರು. ಸಭಾಂಗಣದಲ್ಲಿ ಎಷ್ಟೊಂದು ಕೈಗಳು ನಡುಗುತ್ತಿದ್ದವು, ಒಬ್ಬರೂ ಸೆರಗಿನಲ್ಲಿ ಮುಚ್ಚಿಕೊಂಡಿರಲಿಲ್ಲ. ಅಲ್ಲಿನ ಹುಡುಗಿಯೊಬ್ಬಳು ಒಪ್ಪಿಗೆ ಪತ್ರ ಓದಿ ಹೇಳಿ, "ಬೇಡ ಅನ್ನಿಸಿದಾಗ ಬಿಟ್ಬಿಡಬಹುದು. ಸಹಿ ನೀವೇ ಮಾಡ್ಬೇಕು ಅಮ್ಮ," ಎಂದಳು. ವಿಮಲಮ್ಮ ಇರುವೆ ಸಾಲಿನಂಥ ಅಕ್ಷರದಲ್ಲಿ ತಮ್ಮ ಹೆಸರು ಬರೆಯತೊಡಗಿದರು. ಕಾಗದ ಜಾರದಂತೆ ಗಂಡನ ಕೈ ಬಂದು ಒತ್ತಿ ಹಿಡಿಯಿತು.

"ನೀವು ಇವರಿಗೆ ಏನಾಗ್ಬೇಕು?" ಎಂದಳು ಹುಡುಗಿ.

ಕಾಡಸಿದ್ದಪ್ಪ ಸುತ್ತ ನೋಡಿದರು. ಊರಿನ ಒಂದಿಬ್ಬರೂ ಅಲ್ಲಿದ್ದರು. ಗಂಟಲು ಸರಿಮಾಡಿಕೊಂಡು, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು:

"ಗಂಡ ಕಣಮ್ಮ."